ದಂಡು ಇಳಿದ ನೆಲ

ದಂಡು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಒಂದು, ನಡೆದು ಹೋಗುವ ಸೈನ್ಯ. ಇನ್ನೊಂದು, ಆ ಸೈನ್ಯವು ನಡೆಯುವುದನ್ನು ಬಿಟ್ಟು ಕುಳಿತುಕೊಂಡ ಜಾಗ. ಬೆಂಗಳೂರಿನ ಹಳಬರು ‘ದಂಡಿನ ಕಡೆ ಹೋಗಿಬರುತ್ತೇನೆ’ ಎಂದರೆ ಯುದ್ಧಕ್ಕೆ ಹೊರಟರೆಂದು ಮನೆಯವರಾರೂ ಗಾಬರಿಯಾಗುತ್ತಿರಲಿಲ್ಲ; ‘ಬರುವಾಗ ಮಕ್ಕಳಿಗೆ ಬಿಸ್ಕತ್ತು ತನ್ನಿ’ ಎನ್ನುತ್ತಿದ್ದರು. ೧೮೦೯ರ ಹೊತ್ತಿಗೆ ಇಂಗ್ಲಿಷರ ಪಾಳೆಯ ಬಂದು ಇಳಿದ ಆ ನೆಲದಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲವೂ ಎದ್ದವು. ಇಂಗ್ಲಿಷರು ಹೋದರು. ಹೆಸರು ಮಾತ್ರ ಉಳಿಯಿತು.

ಸೈನ್ಯಕ್ಕೆ ಒಂದು ಸ್ವಭಾವವಿದೆ. ನೆಲ ಕೇಳುವಾಗ ಅದಕ್ಕೆ ಎಲ್ಲಿಲ್ಲದ ಅವಸರ. ಬಿಡುವಾಗ ಎಲ್ಲಿಲ್ಲದ ನಿಧಾನ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಶತ್ರುವು ಬಾಗಿಲಿಗೆ ಬಂದಾಗ ಪಹಣಿ ನೋಡುತ್ತ ಕೂರಲು ಯಾರಿಗೂ ಆಗದು. ಆದರೆ ಶತ್ರು ಹೋದ ಮೇಲೆ ಆ ನೆಲ ಏನಾಗುತ್ತದೆ ಎಂಬುದು ಒಂದು ಸ್ವಾರಸ್ಯದ ಕಥೆ. ದಂಡಿನ ಬಯಲು ಊರಿನ ಬಯಲಾಗುವ ಕಥೆ. ಈ ಕಾಲದಲ್ಲಿ ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಬಲ್ಲವು ನಮ್ಮ ವಿಮಾನ ನಿಲ್ದಾಣಗಳು.

ವಿಮಾನ ನಿಲ್ದಾಣದ ವಿಚಾರ ಬರೆಯುವುದಕ್ಕೆ ನನಗೆ ಯಾವ ಅರ್ಹತೆಯಿದೆ ಎಂದು ಓದುಗರು ಕೇಳಬಹುದು. ನಮ್ಮದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅಲ್ಲಿ ಮಳೆ ಇಳಿಯುವುದೇ ಅಪರೂಪ. ವಿಮಾನ ಎಲ್ಲಿಂದ ಇಳಿಯಬೇಕು? ಆದರೂ ಆಕಾಶಕ್ಕೆ ನಾವು ಬಡವರಾಗಿರಲಿಲ್ಲ. ಮೋಡವಿಲ್ಲದ ಆಕಾಶ ವರ್ಷದಲ್ಲಿ ಹತ್ತು ತಿಂಗಳು ನಮ್ಮ ಪಾಲಿಗಿತ್ತು. ಶೇಂಗಾ ಬಿಡಿಸುತ್ತ ಹೊಲದಲ್ಲಿ ಕುಳಿತಿದ್ದಾಗ ಎಲ್ಲೋ ಒಂದು ಗುಂಯ್ ಸದ್ದು ಕೇಳಿದರೆ ಸಾಕು, ಹುಡುಗರೆಲ್ಲ ಬುಟ್ಟಿ ಬಿಟ್ಟು ಎದ್ದು ನಿಲ್ಲುತ್ತಿದ್ದೆವು. ನಮ್ಮಜ್ಜಿಯೂ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು:

“ಅದ್ರಾಗೆ ಕೂತಿರೋರು ದಂಡಿನೋರೇನಪ್ಪಾ, ಇಲ್ಲಾ ನಮ್ಮಂಥ ಜನವಾ?”

ಯಾರಿಗೆ ಗೊತ್ತು? ನಾವು ಒಂದು ದಿನ ‘ದಂಡಿನೋರು’ ಎಂದರೆ ಇನ್ನೊಂದು ದಿನ ‘ನಮ್ಮಂಥೋರು’ ಎಂದುಬಿಡುತ್ತಿದ್ದೆವು. ದಂಡಿನವರು ಎಂದ ದಿನ ಅಜ್ಜಿ ಮುಖ ಕೆಳಗೆ ಹಾಕಿ ಶೇಂಗಾ ಬಿಡಿಸುತ್ತಿದ್ದಳು. ನಮ್ಮಂಥವರು ಎಂದ ದಿನ ಅದು ಮರೆಯಾಗುವವರೆಗೂ ನೋಡುತ್ತಿದ್ದಳು. ಆಕೆಯ ಪ್ರಶ್ನೆ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ತಲೆ ನರೆತ ಮೇಲೆ.

ನಮ್ಮ ಸೀಮೆಯ ಆಕಾಶಕ್ಕೆ ವಿಮಾನ ಮೊದಲು ಬಂದದ್ದು ದಂಡಾಳಾಗಿ ಅಲ್ಲ, ಅಂಚೆಯಾಳಾಗಿ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಹೊರಟು ಅಹಮದಾಬಾದಿನಲ್ಲಿ ಇಳಿದು ಮುಂಬಯಿಗೆ ಟಪಾಲು ತಂದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯ ಮೇಲಂತೆ. ಮುಂಬಯಿಯಿಂದ ಮುಂದಕ್ಕೆ ಅದೇ ಟಪಾಲನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ರಾತ್ರಿ ತಂಗಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. ಒಬ್ಬನೇ ಮನುಷ್ಯ, ಒಂದೇ ಇಂಜಿನ್ನು, ಒಂದು ಮೂಟೆ ಕಾಗದ. ಯಾರದೋ ಮದುವೆಯ ಸುದ್ದಿ, ಯಾರದೋ ಸಾವಿನ ಸುದ್ದಿ, ಯಾರದೋ ವ್ಯಾಪಾರದ ಲೆಕ್ಕ. ಹತ್ತೇ ವರ್ಷಗಳಲ್ಲಿ ಈ ಅಂಚೆಯಾಳು ದಂಡಾಳಾದ.

೧೯೪೨ನೆಯ ಇಸವಿ. ಮಾರ್ಚಿಯಲ್ಲಿ ರಂಗೂನು ಜಪಾನೀಯರ ಕೈಗೆ ಹೋಯಿತು. ಏಪ್ರಿಲ್ ೫ರಂದು ಕೊಲಂಬೊ ಮೇಲೆ ಬಾಂಬು ಬಿತ್ತು. ಮರುದಿನ ವಿಶಾಖಪಟ್ಟಣದ ಮೇಲೆ, ಕಾಕಿನಾಡದ ಮೇಲೆ. ಸಮುದ್ರದ ಕಡೆಗೆ ಮುಖ ಮಾಡಿ ಕುಳಿತ ಸರ್ಕಾರಕ್ಕೆ ಬೆನ್ನ ಹಿಂದೆ, ಒಳನಾಡಿನಲ್ಲಿ, ವಿಮಾನ ಇಳಿಸಲು ನೆಲ ಬೇಕಾಯಿತು. ಒಂದೆರಡು ಕಡೆ ಅಲ್ಲ, ದೇಶದ ತುಂಬ ನೂರಾರು ಕಡೆ. ಹೀಗೆ ಆ ವರ್ಷ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಆರಿಸಿಕೊಂಡ ಜಾಗಗಳಲ್ಲಿ ಬೆಳಗಾವಿಯ ಪೂರ್ವಕ್ಕೆ ಬಾಗಲಕೋಟೆಯ ದಾರಿಯಲ್ಲಿರುವ ಸಾಂಬ್ರಾ ಒಂದು. ಅಲ್ಲಿ ಹುಡುಗರು ಹಾರಾಟ ಕಲಿತರು. ಬರ್ಮಾ ಯುದ್ಧಕ್ಕೆ ಅಲ್ಲಿಂದ ನೆರವು ಹೋಯಿತು. ಸಾಂಬ್ರಾದ ಹೊಲಗಳಲ್ಲಿ ಅಲ್ಲಿಯವರೆಗೆ ಆಕಾಶದಿಂದ ಇಳಿಯುತ್ತಿದ್ದವು ಕೊಕ್ಕರೆ, ಗಿಳಿಗಳು ಮಾತ್ರ. ರೈತನು ಕವಣೆ ಬೀಸಿ ಅವನ್ನು ಓಡಿಸುತ್ತಿದ್ದ. ಈ ಹೊಸ ಹಕ್ಕಿಯನ್ನು ಓಡಿಸುವ ಕವಣೆ ಅವನ ಹತ್ತಿರ ಇರಲಿಲ್ಲ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಸಾಂಬ್ರಾ ನಮ್ಮ ವಾಯುಸೇನೆಯ ಪಾಲಾಯಿತು. ಅಲ್ಲಿಂದ ವಿಮಾನಗಳು ನಿಜವಾಗಿ ಯುದ್ಧಕ್ಕೆ ಎದ್ದದ್ದು ೧೯೬೧ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಗೆ. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೋ ಅವರ ಮುಂದಾಳುತನದಲ್ಲಿ ಪುಣೆ ಮತ್ತು ಸಾಂಬ್ರಾ ಈ ಎರಡು ನೆಲೆಗಳಿಂದ ಕಾರ್ಯ ನಡೆಯಿತು. ಡಿಸೆಂಬರ್ ೧೮ರ ಬೆಳಿಗ್ಗೆ ಪುಣೆಯಿಂದ ಬಂದ ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇಯನ್ನು ಒಡೆದವು. ಸಾಂಬ್ರಾದಿಂದ ಹಾರಿದ ಹಂಟರುಗಳು ಬಾಂಬೋಳಿಯ ನಿಸ್ತಂತು ಠಾಣೆಯ ಬಾಯಿ ಮುಚ್ಚಿಸಿದವು. ದಾಬೋಳಿಯಲ್ಲಿ ಪ್ರಯಾಣಿಕರ ಕಟ್ಟಡವನ್ನು ಮುಟ್ಟಬಾರದೆಂದು ನಮ್ಮವರಿಗೆ ಅಪ್ಪಣೆಯಾಗಿತ್ತು. ಬಾಂಬು ಹಾಕಲು ಹೋದವನಿಗೂ ನಾಳೆ ಇದು ನಮ್ಮದೇ ಜನ ಓಡಾಡುವ ಜಾಗ ಎಂಬ ಎಚ್ಚರವಿತ್ತು! ಯುದ್ಧದ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಗಳಲ್ಲಿ ಇದೊಂದು.

ದಾಬೋಳಿಯ ಹಣೆಬರಹ ಮಾತ್ರ ತಿರುವುಮುರುವು. ಪೋರ್ಚುಗೀಸರ ಕಾಲದಲ್ಲಿ ಅದು ಪ್ರಯಾಣಿಕರ ನಿಲ್ದಾಣ. ೧೯೬೨ರಿಂದ ನಮ್ಮ ನೌಕಾಪಡೆಯ ನೆಲೆ. ಅದರ ಪಕ್ಕದಲ್ಲೇ ಒಂದು ಬಾಗಿಲು ತೆರೆದು ಪ್ರಯಾಣಿಕರನ್ನೂ ಬಿಡುತ್ತ ಬಂದರು. ಒಂದೇ ಓಟದ ಹಾದಿ. ಇಂಥ ಹೊತ್ತು ಇವರದು, ಇಂಥ ಹೊತ್ತು ಅವರದು. ಕೂಡುಕುಟುಂಬದಲ್ಲಿ ಒಂದೇ ಬಚ್ಚಲಿಗೆ ಅಣ್ಣತಮ್ಮಂದಿರು ಸರದಿ ಕಾಯುವ ಹಾಗೆ.

ಸಾಂಬ್ರಾವನ್ನು ಕಣ್ಣಾರೆ ನೋಡುವ ಸಂದರ್ಭ ನನಗೆ ಒದಗಿದ್ದು ಕೆಲವು ವರ್ಷಗಳ ಹಿಂದೆ. ನಮ್ಮ ದಾಯಾದಿಗಳ ಮನೆಯ ಹುಡುಗನೊಬ್ಬ ವಾಯುಸೇನೆಗೆ ಆಯ್ಕೆಯಾಗಿದ್ದ. ವಾಯುಸೇನೆಯ ಜವಾನರ ತರಬೇತಿ ಶಾಲೆ ಇರುವುದು ಸಾಂಬ್ರಾದಲ್ಲಿ. ಅವನ ತಂದೆ ಊರು ಬಿಟ್ಟು ದೂರ ಹೋದವನಲ್ಲ. ‘ನೀನೇ ಕರಕೊಂಡು ಹೋಗಿ ಬಿಟ್ಟು ಬಾರಣ್ಣ’ ಎಂದ. ಹಿರಿಯೂರಿನಲ್ಲಿ ಬಸ್ಸು ಹತ್ತಿ ದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ ದಾಟಿ ಬೆಳಗಾವಿ ಮುಟ್ಟಿದೆವು. ಹುಡುಗನ ಕೈಯಲ್ಲಿ ಒಂದು ಟ್ರಂಕು; ಅದರಲ್ಲಿ ಅವನ ತಾಯಿ ಕಟ್ಟಿದ ಶೇಂಗಾ ಉಂಡೆ, ಕೆಂಪು ಚಟ್ನಿಪುಡಿ. ದಾರಿಯುದ್ದಕ್ಕೂ ಮಾತಾಡುತ್ತಿದ್ದವನು ಧಾರವಾಡ ದಾಟಿದ ಮೇಲೆ ಸುಮ್ಮನಾದ.

ಗೇಟಿನಲ್ಲಿ ಕಾವಲಿನವನು ಕಾಗದ ನೋಡಿದ, ಹುಡುಗನನ್ನು ಒಳಗೆ ಬಿಟ್ಟ. ನನಗೆ ಬಹಳ ಮರ್ಯಾದೆಯಿಂದ, ‘ನೀವು ಇಲ್ಲಿಯವರೆಗೆ ಮಾತ್ರ’ ಎಂದ. ಹುಡುಗ ಬಗ್ಗಿ ನನ್ನ ಕಾಲು ಮುಟ್ಟಿ, “ಬರ್ತೀನಿ ದೊಡ್ಡಪ್ಪ, ಅವ್ವಗೆ ಚೆನ್ನಾಗಿದೀನಿ ಅಂತ ಹೇಳ್ರಿ” ಎಂದು ಹೊರಟ. ಇನ್ನೂ ಒಳಗೆ ಕಾಲಿಡುವ ಮೊದಲೇ ಚೆನ್ನಾಗಿದ್ದೇನೆ ಎಂಬ ಸುದ್ದಿ! ಅವನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.

ಬಸ್ಸಿಗೆ ಹೊತ್ತಿತ್ತು. ಇಷ್ಟು ದೂರ ಬಂದವನು ಇನ್ನೊಂದು ಬಾಗಿಲನ್ನೂ ನೋಡಿಹೋಗೋಣವೆಂದು ಪ್ರಯಾಣಿಕರ ನಿಲ್ದಾಣದ ಕಡೆಗೆ ಆಟೋ ಮಾಡಿಕೊಂಡು ಹೋದೆ. ೨೦೧೭ರ ಸೆಪ್ಟೆಂಬರ್ ೧೪ರಂದು ಉದ್ಘಾಟನೆಯಾದ ಹೊಸ ಕಟ್ಟಡ ಅದು. ರಾಜ್ಯ ಸರ್ಕಾರ ನೆಲ ಒದಗಿಸಿ, ರನ್‌ವೇಯನ್ನು ೨,೩೦೦ ಮೀಟರಿಗೆ ಉದ್ದ ಮಾಡಿ, ಬೇಡಿಕೆಗೆ ತಕ್ಕ ವಿಮಾನಗಳು ಇಳಿಯುವಂತೆ ಮಾಡಿದ್ದರು. ಬಾಗಿಲ ಮುಂದೆ ಒಂದು ಸಂಸಾರ ನಿಂತಿತ್ತು. ಇಳಕಲ್ ಸೀರೆಯ ಮುದುಕಿ, ಪಟಗ ಸುತ್ತಿದ ಗಂಡ, ಮಗ ಸೊಸೆ, ಒಂದು ಎಳೆಯ ಕೂಸು. ಮಗ ಸೊಸೆ ಬೆಂಗಳೂರಿಗೆ ಹೊರಟಿದ್ದರು. ಮುದುಕಿ ರೊಟ್ಟಿಯ ಗಂಟನ್ನು ಸೊಸೆಯ ಕೈಗೆ ಕೊಡುತ್ತಾಳೆ. ಸೊಸೆ ‘ಒಳಗ ಬಿಡಾಂಗಿಲ್ಲ ಅತ್ತಿ’ ಎನ್ನುತ್ತಾಳೆ. ಮುದುಕಿ ‘ರೊಟ್ಟಿ ಏನ್ ಬಾಂಬ್ ಏನವಾ?’ ಎಂದು ಕೇಳುತ್ತಾಳೆ. ಪಕ್ಕದಲ್ಲಿದ್ದ ಪೊಲೀಸಿನವನೂ ನಕ್ಕ. ರೊಟ್ಟಿ ಒಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ವಿಮಾನ ಎದ್ದಿತು. ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಆಕೆ ನಮ್ಮಜ್ಜಿಯಂತೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಒಳಗೆ ಕೂತವರು ಯಾರೆಂದು ಆಕೆಗೆ ಗೊತ್ತಿತ್ತು. ಅದೇ ಬಯಲಿನ ಇನ್ನೊಂದು ಬದಿಯಲ್ಲಿ ನಮ್ಮ ಹುಡುಗನೂ ಆ ಸದ್ದನ್ನು ಕೇಳಿರಬೇಕು. ೧೯೪೨ರಲ್ಲಿ ಯುದ್ಧಕ್ಕೆಂದು ಹಾಸಿದ ನೆಲ ಈಗ ಒಂದು ಬಾಗಿಲಿನಿಂದ ಸೈನಿಕನನ್ನೂ ಇನ್ನೊಂದು ಬಾಗಿಲಿನಿಂದ ರೊಟ್ಟಿಯ ಗಂಟನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ‘ನಾಗರಿಕ ವಿಮಾನಯಾನ’ ಎಂಬ ಸರ್ಕಾರಿ ಮಾತಿನಲ್ಲಿ ‘ನಾಗರಿಕ’ ಎನ್ನುವುದಕ್ಕೆ ಏನರ್ಥವೆಂದು ನನಗೆ ಆ ದಿನ ಹೊಳೆಯಿತು. ಸೈನ್ಯ ಹೋಗಲೇಬೇಕೆಂದಲ್ಲ, ಪಕ್ಕದಲ್ಲಿ ಇನ್ನೊಂದು ಬಾಗಿಲು ಇರಬೇಕು.

ಬೆಂಗಳೂರಿನ ಕಥೆ ಇನ್ನೂ ವಿಚಿತ್ರ. ನಾನು ನೌಕರಿ ಮಾಡಿ ಸಂಸಾರ ಕಟ್ಟಿದ್ದು ಆ ಊರಿನಲ್ಲಿ. ಆದ್ದರಿಂದ ಅದನ್ನು ಸ್ವಲ್ಪ ಸಲಿಗೆಯಿಂದ ಹೇಳಬಲ್ಲೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದ್ದು ೧೯೪೦ರ ಡಿಸೆಂಬರಿನಲ್ಲಿ. ವಿಮಾನ ಕಟ್ಟಬೇಕಾದರೆ ಹಾರಿಸಿ ನೋಡಲು ನೆಲ ಬೇಕಲ್ಲ. ಹಾಗೆ ಹುಟ್ಟಿತು ಆ ನಿಲ್ದಾಣ. ಮರುವರ್ಷ ಭಾರತ ಸರ್ಕಾರ ಪಾಲುಗಾರನಾಯಿತು. ೧೯೪೨ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ೧೯೪೩ರಲ್ಲಿ ಇಡೀ ಕಾರ್ಖಾನೆ ಅಮೆರಿಕದ ಸೈನ್ಯಕ್ಕೆ ಹೋಯಿತು. ಅದಕ್ಕೆ ಅವರಿಟ್ಟ ಹೆಸರು ಎಂಬತ್ತನಾಲ್ಕನೆಯ ಏರ್ ಡಿಪೋ. ಯುದ್ಧರಂಗದಲ್ಲಿ ಗಾಯಗೊಂಡ ವಿಮಾನಗಳು ಅಲ್ಲಿಗೆ ಬಂದು ರಿಪೇರಿಯಾಗಿ ಹೋಗುತ್ತಿದ್ದವು. ಒಂದು ಬಗೆಯ ಪಿಂಜರಾಪೋಲು ಎನ್ನಿ.

ಯುದ್ಧ ತೀರಿದ ಮೇಲೆ ಹೋಗುವವರು ಏನೇನು ಬಿಟ್ಟುಹೋಗುತ್ತಾರೆ ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಕಾನಪುರದಲ್ಲಿ ಲಿಬರೇಟರ್ ಎಂಬ ದೊಡ್ಡ ಬಾಂಬರು ವಿಮಾನಗಳು ಸಾಲಾಗಿ ಬಿದ್ದಿದ್ದವು. ಇನ್ನು ಯಾರೂ ಹಾರಿಸಬಾರದೆಂದು ಅವನ್ನು ಬೇಕೆಂದೇ ಜಜ್ಜಿ ಕೆಡಿಸಿದ್ದರು. ಬೆಂಗಳೂರಿನ ನಮ್ಮ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ರೆಕ್ಕೆ ಇನ್ನೊಂದರ ಮೂಗು ಕೂಡಿಸಿ, ಹೇಗೋ ಏಳುವಂತೆ ಮಾಡಿದರು. ಜಮ್‌ಶೆಡ್ ಮುನ್ಷಿ ಎಂಬ ಧೈರ್ಯಶಾಲಿ ಅವನ್ನು ಹಾರಿಸಿದರು. ಹಾಗೆ ಪುನರ್ಜನ್ಮ ಪಡೆದ ನಾಲ್ವತ್ತಕ್ಕೂ ಹೆಚ್ಚು ಲಿಬರೇಟರುಗಳು ನಮ್ಮ ವಾಯುಸೇನೆಗೆ ಸೇರಿ ೧೯೬೮ರವರೆಗೂ ದುಡಿದವು. ಹೋಗುವವನು ಯಂತ್ರವನ್ನು ಕೆಡಿಸಬಹುದು. ನೆಲವನ್ನು ಹೊತ್ತುಕೊಂಡು ಹೋಗಲಾರ. ಇದು ನೆಲದ ಪುಣ್ಯ.

ಅಮೆರಿಕದವರು ಹೋದ ಮೇಲೆ ಬೆಂಗಳೂರಿನ ಆ ನೆಲ ಮೆಲ್ಲಗೆ ಊರಿನದಾಯಿತು. ಒಂದು ಕಡೆ ವಿಮಾನದ ಕಾರ್ಖಾನೆ. ೧೯೫೧ರ ಆಗಸ್ಟ್ ೫ರಂದು ಡಾಕ್ಟರ್ ಘಾಟಗೆಯವರ ತಂಡದ ಎಚ್‌ಟಿ–೨ ಮೊದಲ ಬಾರಿ ಹಾರಿದ್ದು ಅಲ್ಲೇ. ಇನ್ನೊಂದು ಕಡೆ ಟಿಕೆಟು ಕೊಂಡ ಜನ. ಒಂದು ಕಾಲಕ್ಕೆ ಟಿಕೆಟು ಕೊಂಡವನು ಒಬ್ಬನಾದರೆ ಅವನನ್ನು ಕಳಿಸಲು ಬಂದವರು ಹದಿನೈದು ಜನ. ನಮ್ಮ ಬೀದಿಯ ಹುಡುಗನೊಬ್ಬ ಪರದೇಶಕ್ಕೆ ಹೊರಟಾಗ ನಾವೆಲ್ಲ ದೊಮ್ಮಲೂರು ದಾಟಿ ಹೋಗಿದ್ದೆವು. ಅರಿಶಿನ ಕುಂಕುಮದ ತಟ್ಟೆಯೂ ನಮ್ಮ ಜೊತೆಗೆ ಬಂದಿತ್ತು. ಆರತಿ ಮಾತ್ರ ಬೆಳಗಲಿಲ್ಲ; ವಿಮಾನದ ಹತ್ತಿರ ಬೆಂಕಿ ಕೂಡದೆಂದು ಒಬ್ಬ ಹಿರಿಯರು ತಡೆದರು.

೨೦೦೮ರ ಮೇ ೨೪ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು. ಹಳೆಯದರಲ್ಲಿ ಪ್ರಯಾಣಿಕರ ಬಾಗಿಲು ಮುಚ್ಚಿತು. ನೂರೈವತ್ತು ಕಿಲೋಮೀಟರಿನೊಳಗೆ ಇಪ್ಪತ್ತೈದು ವರ್ಷ ಇನ್ನೊಂದು ನಿಲ್ದಾಣ ಕೂಡದೆಂಬ ಕರಾರು ಹೊಸಬರಿಗೆ ಸಿಕ್ಕಿತ್ತು. ಹಳೆಯ ರನ್‌ವೇ ಮತ್ತೆ ಕಾರ್ಖಾನೆಗೆ, ಪರೀಕ್ಷೆಗೆ, ಸೈನ್ಯದ ಮತ್ತು ದೊಡ್ಡ ಮನುಷ್ಯರ ವಿಮಾನಗಳಿಗೆ ಮೀಸಲಾಯಿತು. ಜನ ಮಾತ್ರ ಇಂದಿಗೂ ‘ಹಳೇ ಏರ್‌ಪೋರ್ಟ್ ರಸ್ತೆ’ ಎನ್ನುತ್ತಾರೆ. ದಂಡು ಹೋದರೂ ‘ದಂಡು’ ಉಳಿದ ಹಾಗೆ, ಪ್ರಯಾಣಿಕ ಹೋದರೂ ‘ಏರ್‌ಪೋರ್ಟು’ ಉಳಿಯಿತು. ನಾಗರಿಕನಿಗೆ ತೆರೆದ ಬಾಗಿಲು ತೆರೆದೇ ಇರುತ್ತದೆಂದು ಯಾವ ಶಾಸನವೂ ಇಲ್ಲ.

ಬೀದರಿನವರು ಇದನ್ನು ಚೆನ್ನಾಗಿ ಬಲ್ಲರು. ಸೂರ್ಯಕಿರಣವೆಂಬ ನಮ್ಮ ಪ್ರಸಿದ್ಧ ವಿಮಾನ ತಂಡದ ಮನೆ ಅಲ್ಲಿಯ ವಾಯುನೆಲೆ. ಎಷ್ಟೋ ವರ್ಷ ಆ ಊರಿನ ಜನ ತಲೆಯ ಮೇಲೆ ವಿಮಾನಗಳು ಲಾಗ ಹಾಕುವುದನ್ನು ಬಿಟ್ಟಿಯಾಗಿ ನೋಡಿದರು. ತಾವು ಹತ್ತುವ ವಿಮಾನ ಬಂದದ್ದು ೨೦೨೦ರ ಫೆಬ್ರವರಿ ೭ರಂದು. ಬಂದದ್ದು ನಿಂತಿತು, ನಿಂತದ್ದು ಮತ್ತೆ ಬಂತು. ಬಾಗಿಲು ಇದ್ದರೆ ಸಾಲದು, ಅದನ್ನು ತಟ್ಟುತ್ತಲೂ ಇರಬೇಕು.

ಇಷ್ಟೆಲ್ಲ ಬೇರೆಯವರ ಊರಿನ ಕಥೆ ಹೇಳಿ ನಮ್ಮ ಊರಿನದನ್ನು ಬಿಟ್ಟರೆ ಹೇಗೆ? ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಯಾಣಿಕರು ಹತ್ತುವ ವಿಮಾನ ನಿಲ್ದಾಣವಿಲ್ಲ. ರನ್‌ವೇ ಮಾತ್ರ ಇದೆ. ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯ ಹತ್ತಿರ, ಕುದಾಪುರದಲ್ಲಿ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರ ಅದು. ಉದ್ಘಾಟನೆಯಾದದ್ದು ೨೦೧೭ರ ಮೇ ೨೮ರಂದು. ಅವರಿಗೆ ಕೊಟ್ಟ ನೆಲ ೪,೨೯೦ ಎಕರೆ. ಆ ನೆಲದ ಹಿಂದಿನ ಕಥೆ ಬೆಳಗಾವಿ, ಬೆಂಗಳೂರುಗಳ ಕಥೆಗಿಂತ ಹಳೆಯದು.

ಅದು ಕಾವಲು. ಅಮೃತಮಹಲ್ ಕಾವಲು. ಹುಲ್ಲುಗಾವಲು ಎಂದರೆ ಪಟ್ಟಣದವರಿಗೆ ಹಸಿರು ನೆನಪಾಗುತ್ತದೆ. ನಮ್ಮಲ್ಲಿ ಅದು ವರ್ಷದ ಹೆಚ್ಚು ಕಾಲ ಹೊಂಬಣ್ಣ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ಅರಮನೆಯ ಹಸುಗಳ ಸಂಸ್ಥೆ ನಡೆಯಿತು. ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದ. ಹೆಸರಿನಲ್ಲಿ ಬೆಣ್ಣೆ, ಅಮೃತ. ಕೆಲಸ ಮಾತ್ರ ಫಿರಂಗಿ ಎಳೆಯುವುದು. ಹಳ್ಳಿಕಾರ್, ಹಾಗಲವಾಡಿ ತಳಿಗಳ ಜೊತೆಗೆ ನಮ್ಮ ಚಿತ್ರದುರ್ಗದ ತಳಿಯೂ ಸೇರಿ ಆದದ್ದು ಈ ಎತ್ತು. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಹಳೆಯ ಗೆಜೆಟಿಯರುಗಳು ಬರೆಯುತ್ತವೆ. ಆ ಕಾಲಕ್ಕೆ ಇದು ವಿಮಾನದ ವೇಗವೇ. ಹಾಗಾದರೆ ಈ ಕಾವಲುಗಳನ್ನು ಆ ಕಾಲದ ಸೈನ್ಯದ ವಿಮಾನ ನಿಲ್ದಾಣಗಳು ಎಂದರೆ ಅತಿಶಯೋಕ್ತಿಯಾಗದು. ಪೆಟ್ರೋಲಿನ ಬದಲು ಹುಲ್ಲು, ಅಷ್ಟೆ.

ಎತ್ತಿನ ಯುದ್ಧ ಮುಗಿಯಿತು. ೧೯೨೩ರಲ್ಲಿ ಅಮೃತಮಹಲ್ ಸೈನ್ಯದ ಇಲಾಖೆಯಿಂದ ಕೃಷಿ ಇಲಾಖೆಗೆ ಬಂತು. ಅಂದರೆ ದಂಡಿನ ನೆಲ ‘ನಾಗರಿಕ’ವಾಯಿತು. ಇದು ಕಾಗದದ ಮಾತಾಯಿತು. ನೆಲದ ಮೇಲೆ ಅದು ಮೊದಲೇ ಅರ್ಧ ನಾಗರಿಕವಾಗಿತ್ತು. ಸರ್ಕಾರಿ ದನ ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಅವು ಹೋದ ಮೇಲೆ ಊರ ದನಕ್ಕೆ ಮೇವಿಗೆ ಅವಕಾಶ. ಇಷ್ಟು ತಿಂಗಳು ದಂಡಿನದು, ಇಷ್ಟು ತಿಂಗಳು ಊರಿನದು. ಸಾಂಬ್ರಾದ ಎರಡು ಬಾಗಿಲಿನ ಏರ್ಪಾಡು ನಮ್ಮ ಕಾವಲಿನಲ್ಲಿ ಇನ್ನೂರು ವರ್ಷ ಮೊದಲೇ ಇತ್ತು.

ನಮ್ಮಕ್ಕನನ್ನು ಕೊಟ್ಟದ್ದು ನಾಯಕನಹಟ್ಟಿಯ ಕಡೆಗೆ. ಬೇಸಿಗೆ ರಜಕ್ಕೆ ಹೋದಾಗ ಭಾವನ ಜೊತೆ ನಾನೂ ಕಾವಲಿಗೆ ಹೋದದ್ದುಂಟು. ಕಂಬಳಿ ಹಾಸಿ ಕುಳಿತರೆ ಕಣ್ಣಿಗೆ ಎಟಕುವಷ್ಟೂ ಹುಲ್ಲು. ಒಂದು ಕಡೆ ಗೊಲ್ಲರ ಕುರಿ. ಒಂದು ಕಡೆ ಮ್ಯಾಸಬೇಡರ ದೇವರ ಎತ್ತುಗಳು. ಆ ಎತ್ತುಗಳಿಗೆ ನೊಗವಿಲ್ಲ, ಮಾರಾಟವಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ದೂರದಲ್ಲಿ ಕೃಷ್ಣಮೃಗಗಳು ನೆಗೆದರೆ ಭಾವ ‘ಸುಮ್ಕಿರು, ಹೆದರ್ತವೆ’ ಎಂದು ನನ್ನ ಭುಜ ಒತ್ತುತ್ತಿದ್ದ.

ಕುದಾಪುರ, ವರವು, ಉಳ್ಳಾರ್ತಿಯ ಕಾವಲುಗಳು ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ, ಭಾರತೀಯ ವಿಜ್ಞಾನ ಮಂದಿರಕ್ಕೆ ಹಂಚಿಕೆಯಾದ ಮೇಲೆ ಗೋಡೆ ಎದ್ದಿತು. ಊರವರ ಮತ್ತು ಪರಿಸರದವರ ಅಹವಾಲು ೨೦೧೩ರಲ್ಲಿ ಚೆನ್ನೈಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ಗೋಡೆಯೊಳಗೆ ಆದ ಕೆಲಸ ಸಣ್ಣದೆಂದು ನಾನು ಹೇಳಲಾರೆ. ೨೦೨೨ರ ಜುಲೈ ೧ರಂದು ಆಳಿಲ್ಲದ ವಿಮಾನವೊಂದು ತಾನೇ ಎದ್ದು ತಾನೇ ಇಳಿದದ್ದು ಅಲ್ಲೇ. ೨೦೨೩ರ ಏಪ್ರಿಲ್ ೨ರ ಬೆಳಿಗ್ಗೆ ಇಸ್ರೋದವರ ಮರುಬಳಕೆಯ ವ್ಯೋಮನೌಕೆಯನ್ನು ಒಂದು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಮೇಲಕ್ಕೆ ಒಯ್ದು ಕೈಬಿಟ್ಟಿತು. ಅದು ದಾರಿ ತಪ್ಪದೆ ಬಂದು ಕುದಾಪುರದ ಹಾದಿಯ ಮೇಲೆ ಇಳಿಯಿತು. ದೇವರ ಎತ್ತು ಮೇಯುತ್ತಿದ್ದ ಸೀಮೆಯಲ್ಲಿ ಆಕಾಶದಿಂದ ಮರಳಿ ಬರುವುದನ್ನು ಕಲಿಯುತ್ತಿದ್ದಾರೆ. ಹೆಮ್ಮೆ ಪಡದಿರುವುದು ಹೇಗೆ? ನಾನೂ ಆ ದಿನದ ಪತ್ರಿಕೆಯನ್ನು ಎರಡು ಸಲ ಓದಿದೆ.

ಅದೇ ವರ್ಷ ಆಗಸ್ಟ್ ೨೦ರಂದು ಇನ್ನೊಂದು ಬಂತು, ನಮ್ಮ ಹಿರಿಯೂರು ತಾಲ್ಲೂಕಿಗೇ. ಪರೀಕ್ಷೆಗೆ ಹಾರಿದ್ದ ತಪಸ್ ಎಂಬ ಆಳಿಲ್ಲದ ವಿಮಾನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಸುತ್ತಿನ ಜನ ಜಾತ್ರೆಗೆ ಬಂದಂತೆ ನೋಡಲು ಬಂದರು. ನಮ್ಮ ತಾಲ್ಲೂಕಿನ ನೆಲಕ್ಕೆ ವಿಮಾನ ಬಂತೆಂದರೆ ಹೀಗೆ ಬಂತು: ಒಳಗೆ ದಂಡಿನವರೂ ಇಲ್ಲ, ನಮ್ಮಂಥವರೂ ಇಲ್ಲ. ಅಜ್ಜಿಯ ಪ್ರಶ್ನೆಗೆ ಹೀಗೊಂದು ಮೂರನೆಯ ಉತ್ತರ ಬಂದೀತೆಂದು ಹೊಲದಲ್ಲಿ ನಿಂತ ನಾವ್ಯಾರೂ ಎಣಿಸಿರಲಿಲ್ಲ.

ಕುದಾಪುರದಿಂದ ನಾಳೆಯೇ ಬೆಂಗಳೂರಿಗೆ ಟಿಕೆಟು ಕೊಡಿ ಎಂದು ನಾನು ಕೇಳುವವನಲ್ಲ. ಪರೀಕ್ಷೆಯ ಹಾದಿಯಲ್ಲಿ ಪ್ರಯಾಣಿಕರಿಗೆ ಏನು ಕೆಲಸ? ಆದರೆ 'ನಾಗರಿಕ'ವಾಗುವುದಕ್ಕೆ ಟಿಕೆಟೊಂದೇ ದಾರಿಯಲ್ಲ ಎಂಬುದನ್ನು ನಮ್ಮ ಹಳೆಯ ಕಾವಲಿನವರು ತೋರಿಸಿಕೊಟ್ಟಿದ್ದರು. ಹೋದ ಸಂಕ್ರಾಂತಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಈ ಮಾತು ಬಂತು. ಭಾವ ಇಲ್ಲ, ಮನೆಯಲ್ಲಿ ಈಗ ದನವೂ ಇಲ್ಲ, ಮಕ್ಕಳೆಲ್ಲ ಪೇಟೆ ಸೇರಿದ್ದಾರೆ. ಮೊಮ್ಮಗ ಗೋಡೆಯಾಚೆಯ ವಿಮಾನಗಳ ಹೆಸರನ್ನೆಲ್ಲ ಬಾಯಿಪಾಠ ಹೇಳುತ್ತಾನೆ. ತಾನೂ ಓದಿ ಅಲ್ಲೇ ಕೆಲಸಕ್ಕೆ ಸೇರುತ್ತೇನೆ ಎನ್ನುತ್ತಾನೆ. ಅಕ್ಕ ಅವನ ಮಾತು ಕೇಳಿ ನಗುತ್ತ ಎಳ್ಳು ಬೆಲ್ಲ ಬೆರೆಸುತ್ತಿದ್ದಳು. ನಾನು ಅವಳಿಗೆ ಹೇಳಿದೆ: ವಿಮಾನದ ಹಾದಿಯ ಅಕ್ಕಪಕ್ಕ ಹುಲ್ಲು ಎತ್ತರ ಬೆಳೆಯುವುದಕ್ಕೆ ಬಿಡುವುದಿಲ್ಲವಂತೆ, ಹುಲ್ಲಿದ್ದರೆ ಹುಳು, ಹುಳುವಿದ್ದರೆ ಹಕ್ಕಿ, ಹಕ್ಕಿ ವಿಮಾನಕ್ಕೆ ಅಪಾಯ, ಅದಕ್ಕೆ ಕೊಯ್ಯುತ್ತಲೇ ಇರಬೇಕು.

ಅಕ್ಕನ ಕೈ ನಿಂತಿತು. “ಕೊಯ್ದ ಹುಲ್ಲು ಏನ್ ಮಾಡ್ತಾರೆ?” ಎಂದಳು. ನಾನು ಉತ್ತರ ಹೇಳುವ ಮೊದಲೇ ಆಕೆ ಲೆಕ್ಕ ಹಾಕಿ ಮುಗಿಸಿದ್ದಳು. “ವರ್ಷಕ್ಕೆ ಎಲ್ಡ್ ಸಲ ಗೇಟ್ ತೆಗ್ದು ಗಾಡಿ ಬಿಟ್ರೆ ಸಾಕಪ್ಪ. ದೇವರೆತ್ತಿಗೆ ಬ್ಯಾಸಿಗೆ ಪೂರಾ ಆಗ್ತೈತೆ.”

ಇದಕ್ಕಿಂತ ಸಣ್ಣ ಬಾಗಿಲನ್ನು ಯಾರೂ ಕೇಳಲಾರರು.